ನೀರು ತಾಗಬಾರದ ಚೌಕ

1936ನೆಯ ಇಸವಿಯಲ್ಲಿ ನಾನು ಪುಣೆಯ ಪೇಟೆಗಳಲ್ಲಿ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ಹಚ್ಚಿ ಎರೆಯುವ ಕೆಲಸ ಮಾಡುತ್ತಿದ್ದೆ. ಇದನ್ನು ಹುದ್ದೆ ಎಂದು ಯಾರೂ ಕರೆಯುವುದಿಲ್ಲ. ಆದರೆ ಒಂದು ದಿನ ಹೋಗದಿದ್ದರೆ ಮನೆ ಬಾಗಿಲಿಗೆ ಕರೆಯಲು ಆಳು ಬರುತ್ತಿತ್ತು; ನನ್ನ ಲೆಕ್ಕದಲ್ಲಿ ಅದು ಹುದ್ದೆಯೇ. ಧಾರವಾಡದ ಕಡೆಯವಳು ನಾನು. ಗಂಡ ರೈಲು ಹಳಿಯ ಕೆಲಸಕ್ಕೆಂದು ಪುಣೆಗೆ ಬಂದ, ಅವನ ಹಿಂದೆ ನಾನೂ ಬಂದೆ. ಶಾಲೆ ಎರಡನೇ ಇಯತ್ತೆಗೆ ಬಿಟ್ಟದ್ದು. ಕೆಲಸವನ್ನು ಅತ್ತೆಯಿಂದ ಕಲಿತೆ.

ಕೆಲಸವೆಂದರೆ ಇಷ್ಟು. ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳುವುದು, ಎಣ್ಣೆ ತಿಕ್ಕುವುದು, ಕಡಲೆ ಹಿಟ್ಟು ಹಚ್ಚುವುದು, ಹಂಡೆಯ ನೀರು ಹದ ನೋಡಿ ಎರೆಯುವುದು, ಒರೆಸಿ ಲೋಬಾನದ ಹೊಗೆ ಹಾಕಿ ಸುತ್ತಿ ಮಲಗಿಸುವುದು. ಆಮೇಲೆ ತಾಯಿಯನ್ನು ಮಣೆಯ ಮೇಲೆ ಕೂರಿಸಿ ಬೆನ್ನು, ಸೊಂಟಕ್ಕೆ ನೀರು ಹೊಯ್ಯುವುದು. ಒಂದು ಮನೆಯಲ್ಲಿ ಮೂರು ತಿಂಗಳು, ಕೆಲವರಲ್ಲಿ ಐದು ತಿಂಗಳು. ಬಚ್ಚಲಲ್ಲಿ ಕೂತವಳಿಗೆ ಮನೆಯ ಎಲ್ಲ ಸುದ್ದಿ ಗೊತ್ತಾಗುತ್ತದೆ. ಮೈಮೇಲೆ ನೀರು ಬೀಳುವಾಗ ಹೆಂಗಸರು ಸುಳ್ಳು ಹೇಳುವುದು ಕಡಿಮೆ.

ಗಂಗಾಬಾಯಿಯ ಮನೆಗೆ ನಾನು ಹೋದದ್ದು ಆಕೆಯ ಮೂರನೆಯ ಹೆರಿಗೆಗೆ. ಒಂದು ವಾಡೆಯ ಮಹಡಿಯಲ್ಲಿ ಎರಡು ಖೋಲಿ, ಒಂದು ಅಡಿಗೆಮನೆ, ಹೊರಗೆ ಉದ್ದನೆಯ ಪಡಸಾಲೆ, ಕೆಳಗೆ ಎಲ್ಲರಿಗೂ ಸೇರಿ ಒಂದೇ ನಳ. ಗಂಡ ರಾಘವೇಂದ್ರರಾಯರು ಕ್ಯಾಂಪಿನ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನರು. ಸಾಧು ಮನುಷ್ಯ, ಹೆಂಡತಿಯ ಮುಂದೆ ಎರಡು ಮಾತು, ತಾಯಿಯ ಮುಂದೆ ಒಂದೂ ಇಲ್ಲ. ಅವರ ತಾಯಿ ಭಾಗೀರಥಿಬಾಯಿ ಮಡಿ ಹೆಂಗಸು, ಗಂಡ ಸತ್ತು ಬಹಳ ವರ್ಷವಾಗಿತ್ತು. ಹಿರಿಯ ಮಗಳು ವತ್ಸಲೆಗೆ ಹನ್ನೊಂದು ವರ್ಷ, ಮಗ ಶಾಮನಿಗೆ ಆರು. ಹೊಸದಾಗಿ ಬಂದದ್ದು ಹೆಣ್ಣು ಕೂಸು.

ಆ ಮನೆಯ ಹೆಂಗಸರು ಬೆಳಿಗ್ಗೆ ಎದ್ದು ಮಿಶ್ರಿ ತಿಕ್ಕುತ್ತಿದ್ದರು. ತಂಬಾಕನ್ನು ಹೆಂಚಿನ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿ ಅದು. ಹಲ್ಲು ತಿಕ್ಕಲು ಎಂಬುದು ನೆಪ. ಬೆರಳು ಒಸಡಿನ ಮೇಲೆ ಅರ್ಧ ತಾಸು ಓಡಾಡುತ್ತಿತ್ತು. ನಾನೂ ತಿಕ್ಕುತ್ತಿದ್ದೆ. ಅದರಿಂದ ಕೆಡುಕು ಎಂದು ನಮಗೆ ಹೇಳಿದವರಿರಲಿಲ್ಲ.

ಕೂಸಿಗೆ ಎರಡು ತಿಂಗಳಾದಾಗ ಗಂಗಾಬಾಯಿ ಬಿಸಿ ಸಾರು ಬಾಯಿಗೆ ಹಾಕಿಕೊಳ್ಳಲು ಒಲ್ಲೆ ಎಂದಳು. ಕೆನ್ನೆಯ ಒಳಗೆ ಹುಣ್ಣಿತ್ತು. ಜೇನುತುಪ್ಪ ಹಚ್ಚಿದರು, ತ್ರಿಫಲಾ ಕಷಾಯ ಮುಕ್ಕಳಿಸಲು ಕೊಟ್ಟರು. ಹುಣ್ಣು ಮಾಯಲಿಲ್ಲ. ದವಡೆಯ ಕೆಳಗೆ ಅಡಿಕೆಯಷ್ಟು ಗಂಟು ಬಂತು. ಬೆನ್ನಿಗೆ ಎಣ್ಣೆ ತಿಕ್ಕುವಾಗ ನನ್ನ ಕೈಗೆ ಸಿಕ್ಕಿತು. ಒತ್ತಿದರೆ ಸರಿಯಲಿಲ್ಲ, ನೋಯಲೂ ಇಲ್ಲ. ರಾಯರಿಗೆ ಹೇಳಿದೆ. ಅವರು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹುಣ್ಣಿನ ಚೂರು ತೆಗೆದು ಪರೀಕ್ಷೆ ಮಾಡಿ, ಕ್ಯಾನ್ಸರ್ ಎಂದರು. ಡಾಕ್ಟರು ಮಿಶ್ರಿ ಬಿಡಲು ಹೇಳಿದರು.

ಮನೆಗೆ ಬಂದು ಆ ಮಾತು ಹೇಳಿದಾಗ ಭಾಗೀರಥಿಬಾಯಿಯ ಬಾಯಲ್ಲಿ ಬೆರಳಿತ್ತು.

"ನಲವತ್ತ ವರ್ಷ ತಿಕ್ಕೀನಿ. ನನಗೇನಾತು? ಡಾಕ್ಟರಗ ಹೇಳ್ರಿ, ಬಂದು ನನ್ನ ಬಾಯಿ ನೋಡಲಿ."

"ನಿಮ್ಮ ಬಾಯಿ ನೋಡಾಕ ಅವಂಗ ಧೈರ್ಯ ಬೇಕಲ್ರಿ," ಎಂದೆ. ನಕ್ಕರು. ಆ ಹೊತ್ತಿಗೆ ನಗುವಷ್ಟು ಧೈರ್ಯ ಮನೆಯಲ್ಲಿ ಇನ್ನೂ ಇತ್ತು.

ಹುಣ್ಣಿಗೆ ರೇಡಿಯಂ ಕೊಟ್ಟರು. ರೇಡಿಯಂ ತುಂಬಿದ ಸಣ್ಣ ಸೂಜಿಗಳನ್ನು ಕೆನ್ನೆಯಲ್ಲಿ ಚುಚ್ಚಿ ಒಂದು ವಾರ ಹಾಗೆಯೇ ಬಿಡುವುದು, ಆಮೇಲೆ ತೆಗೆಯುವುದು. ಆ ವಾರ ಗಂಗಾಬಾಯಿ ಆಸ್ಪತ್ರೆಯಲ್ಲಿದ್ದಳು. ಕೂಸಿಗೆ ಆಕಳ ಹಾಲಿಗೆ ನೀರು ಬೆರೆಸಿ ಕುಡಿಸಿದೆವು. ಮೊದಲ ಎರಡು ದಿನ ಅತ್ತಿತು, ಮೂರನೆಯ ದಿನ ಕುಡಿಯಿತು. ಗಂಗಾಬಾಯಿ ಮರಳಿ ಬಂದಾಗ ಎದೆಯ ಹಾಲು ಬತ್ತಿತ್ತು. ಆದರೆ ಕೆನ್ನೆಯ ಹುಣ್ಣು ಒಣಗುತ್ತ ಬಂತು. ಉಳಿದದ್ದು ಗಂಟು. ಅದಕ್ಕೆ ಹೊರಗಿನಿಂದ ಎಕ್ಸ್‌ರೇ ಕೊಡುವುದು ಎಂದಾಯಿತು. ಕಾಲು ಮುರಿದಾಗ ಫೋಟೋ ತೆಗೆಯುವ ಅದೇ ಎಕ್ಸ್‌ರೇ, ಆದರೆ ಬಹಳ ಜೋರು, ಬಹಳ ಹೊತ್ತು. ಒಂದೊಂದು ಸಲಕ್ಕೂ ಸಿಟಿಂಗ್ ಎನ್ನುತ್ತಿದ್ದರು. ದಿನ ಬಿಟ್ಟು ದಿನ ಹೋಗಬೇಕು, ದೀಪಾವಳಿ ದಾಟಿ ಕಾರ್ತೀಕ ಮುಗಿಯುವ ತನಕ.

ರಾಯರಿಗೆ ಅಷ್ಟು ರಜೆ ಸಿಗುತ್ತಿರಲಿಲ್ಲ. ಹೆಂಗಸು ಒಬ್ಬಳೇ ಹೋಗುವಂತಿಲ್ಲ. ನಾನೇ ಟಾಂಗಾದಲ್ಲಿ ಕರೆದುಕೊಂಡು ಹೋಗತೊಡಗಿದೆ. ಹೀಗೆ ಕೂಸಿಗೆ ಎರೆಯಲು ಹೋದವಳು ರೋಗಿಯ ಜೊತೆಗಾರ್ತಿ ಆದೆ.

ಮೊದಲ ದಿನ ಡಾಕ್ಟರು ಗಂಗಾಬಾಯಿಯ ಕುತ್ತಿಗೆಯ ಬಲಗಡೆ ಅಳತೆ ಹಿಡಿದು ನೇರಳೆ ಬಣ್ಣದ ಔಷಧದಿಂದ ಒಂದು ಚೌಕ ಬರೆದರು. ಮೇಲಿನ ಮೂಲೆ ಕಿವಿಯ ಹಾಲೆಯ ಕೆಳಗೆ, ಕೆಳಗಿನ ಗೆರೆ ದವಡೆಯಿಂದ ಮೂರು ಬೆರಳು ಕೆಳಗೆ. ಯಂತ್ರದ ಮೂತಿಯನ್ನು ಪ್ರತಿ ಸಲವೂ ಆ ಚೌಕಕ್ಕೇ ಕೂಡಿಸುವುದು. ಡಾಕ್ಟರು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು: ಈ ಚೌಕಕ್ಕೆ ನೀರು ಬೇಡ, ಎಣ್ಣೆ ಬೇಡ, ಸಾಬೂನು, ಅರಿಷಿಣ ಯಾವುದೂ ಬೇಡ. ಚರ್ಮ ಸುಡುತ್ತದೆ, ಗೆರೆ ಅಳಿಸುತ್ತದೆ. ಅಳಿಸಿದರೆ ಕೂಡಲೇ ಬನ್ನಿ, ಮತ್ತೆ ಅಳತೆ ಮಾಡಿ ಬರೆಯುತ್ತೇವೆ. ನೀವೇ ಬರೆದುಕೊಳ್ಳಬೇಡಿ ಎಂದು ಹೇಳಲಿಲ್ಲ. ಅಂಥದ್ದನ್ನು ಯಾರಾದರೂ ಮಾಡುತ್ತಾರೆ ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಜೀವಮಾನವೆಲ್ಲ ಮಂದಿಯ ಮೈಮೇಲೆ ನೀರು ಹೊಯ್ದವಳಿಗೆ ನೀರು ಹೊಯ್ಯಬಾರದ ಮೈ ಸಿಕ್ಕಿತು. ಗಂಗಾಬಾಯಿಗೆ ನಾನು ಸೊಂಟದಿಂದ ಕೆಳಗೆ ಎರೆಯುತ್ತಿದ್ದೆ. ಬೆನ್ನು, ತೋಳು, ಎದೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಚೌಕದ ಸುತ್ತ ಒಣ ಬಟ್ಟೆ ಸುತ್ತಿ, ಒಂದು ಹನಿ ಸಿಡಿಯದಂತೆ ಬಚ್ಚಲ ಮೂಲೆಯಲ್ಲಿ ಮಣೆ ತಿರುಗಿಸಿ ಹಾಕುತ್ತಿದ್ದೆ. ತಲೆಗೆ ನೀರಿಲ್ಲ. ಕೂದಲನ್ನು ಬಾಚಿ, ಹೇನು ನೋಡಿ, ಎತ್ತಿ ಕಟ್ಟುವುದು ಅಷ್ಟೆ.

ಭಾಗೀರಥಿಬಾಯಿ ಒಂದು ದಿನ ಬಚ್ಚಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು.

"ಕುತ್ತಿಗಿ ಒಣಾ, ತಲಿ ಒಣಾ. ಇದಕ್ಕ ಸ್ನಾನ ಅಂತೀ ಏನ ನೀಲವ್ವ?"

"ಡಾಕ್ಟರ ಹೇಳ್ಯಾರ್ರಿ."

"ಡಾಕ್ಟರ ಔಷಧ ಹೇಳಲಿ, ಬ್ಯಾಡ ಅನ್ನಂಗಿಲ್ಲ. ದೇವರ ಮನಿ, ಅಡಿಗಿ ಮನಿ ನನ್ನವು. ಮೀಯದಾಕಿ ಹೊಸ್ತಿಲ ದಾಟಬಾರದು."

ಆ ಹೆಂಗಸನ್ನು ಕೆಟ್ಟವಳು ಎನ್ನಲಾರೆ. ಸೊಸೆಗೆ ಗಂಜಿಯನ್ನು ತಾವೇ ಕುದಿಸಿ, ತಾವೇ ಸೋಸಿ ಕೊಡುತ್ತಿದ್ದರು. ಅಡಿಗೆಮನೆಯಲ್ಲಿ ದೇವರ ಗೂಡು ಇತ್ತು. ಮಡಿ ಕೆಟ್ಟರೆ ಮಗನ ಮನೆಗೆ ಕೇಡು ಎಂದು ನಿಜವಾಗಿಯೂ ನಂಬಿದ್ದರು. ಸೊಸೆಗೆ ರೋಗ ಬಂದ ಮೇಲಂತೂ ದೇವರನ್ನು ಕೆಣಕಲು ಇನ್ನೂ ಹೆದರಿದರು.

ಹೀಗಾಗಿ ಗಂಗಾಬಾಯಿ ಅಡಿಗೆಮನೆಯ ಹೊಸ್ತಿಲ ಹೊರಗೆ ಒಂದು ಚಾಪೆಯ ಮೇಲೆ ಬಂದು ಕೂತಳು. ಮನೆ ಅಲ್ಲಿಂದಲೇ ನಡೆಯಿತು. ಮುದುಕಿಗೆ ಕಣ್ಣು ಮಂಜು, ಒಲೆಯ ಮುಂದೆ ಹೆಚ್ಚು ಹೊತ್ತು ಆಗುತ್ತಿರಲಿಲ್ಲ. ವತ್ಸಲೆ ಶಾಲೆಗೆ ಮುಂಚೆ ಮಿಂದು, ಒದ್ದೆ ಸೀರೆಯ ತುಂಡು ಸುತ್ತಿಕೊಂಡು ಒಲೆ ಹಚ್ಚುತ್ತಿದ್ದಳು. ಗಂಗಾಬಾಯಿಗೆ ಬಾಯಿ ಪೂರಾ ತೆರೆಯಲು ಬರುತ್ತಿರಲಿಲ್ಲ. ಬೆರಳಿನಿಂದ ಹೇಳುತ್ತಿದ್ದಳು. ಎರಡು ಬೆರಳು ಕೂಡಿಸಿದರೆ ಉಪ್ಪು, ಮೂರು ಕೂಡಿಸಿದರೆ ಇನ್ನಷ್ಟು ಉಪ್ಪು. ಅಂಗೈ ಮಗುಚಿದರೆ ಇಳಿಸು ಎಂದು. ಹುಡುಗಿ ಒಲೆಯನ್ನು ನೋಡುವುದಕ್ಕಿಂತ ತಾಯಿಯ ಕೈಯನ್ನು ಹೆಚ್ಚು ನೋಡುತ್ತಿದ್ದಳು. ರಾಯರ ಡಬ್ಬಿ ಹೊತ್ತಿಗೆ ಸರಿಯಾಗಿ ತುಂಬುತ್ತಿತ್ತು. ಶಾಮನ ಪಾಟಿ, ಟೊಪ್ಪಿಗೆ ಸರಿಯಾಗಿ ಇರುತ್ತಿದ್ದವು. ಕೂಸು ತಾಯಿಯ ತೊಡೆಯ ಮೇಲೆ ಮಲಗಿ, ಮೇಲೆ ಮಡಿ ಬಟ್ಟೆ ಹರವಿದ ಮಡಿಕೋಲು ಅಲ್ಲಾಡುವುದನ್ನು ನೋಡುತ್ತಿತ್ತು. ಊಟದ ಹೊತ್ತಿಗೆ ಮಕ್ಕಳು ಒಳಗೆ, ತಾಯಿ ಹೊರಗೆ. ಶಾಮ ಒಂದು ದಿನ ತನ್ನ ತಟ್ಟೆ ಎತ್ತಿಕೊಂಡು ಹೊಸ್ತಿಲ ಮೇಲೆ ಕೂತ.

"ನಾ ನಡುವ ಕೂಡ್ತೀನಿ. ಅರ್ಧಾ ಅಜ್ಜಿ ಕಡೆ, ಅರ್ಧಾ ಅವ್ವನ ಕಡೆ."

"ಹೊಸ್ತಿಲ ಮ್ಯಾಲೆ ಕೂಡಬಾರದಲೇ, ಏಳು," ಎಂದರು ಅಜ್ಜಿ. ಅವನು ಏಳಲಿಲ್ಲ. ಅವರೂ ಎರಡನೆಯ ಸಲ ಹೇಳಲಿಲ್ಲ.

ಸಿಟಿಂಗ್ ನಡೆಯುತ್ತ ಗಂಟು ಮೆತ್ತಗಾಯಿತು. ಡಾಕ್ಟರು ಬೆರಳಿಟ್ಟು ನೋಡಿ, ಸಣ್ಣದಾಗುತ್ತಿದೆ, ತಪ್ಪಿಸದೆ ಬನ್ನಿ ಎಂದರು. ಟಾಂಗಾದಲ್ಲಿ ಮರಳುವಾಗ ಗಂಗಾಬಾಯಿ ತಾನೂ ಬೆರಳಿಟ್ಟು ನೋಡಿಕೊಂಡಳು.

"ನೀಲವ್ವ, ಖರೇನ ಕಡಿಮಿ ಆಗೇದಲಾ?"

"ಆಗೇದ್ರಿ. ಮುಟ್ಟಿ ಮುಟ್ಟಿ ನೋಡಬ್ಯಾಡ್ರಿ, ಗೆರಿ ಹೋಗ್ತಾವ."

ಈ ಕಥೆಯಲ್ಲಿ ಒಳ್ಳೆಯ ಸುದ್ದಿ ಎಂದರೆ ಅದೊಂದೇ.

ದೀಪಾವಳಿ ಬಂತು. ನರಕ ಚತುರ್ದಶಿಯ ಬೆಳಗಿನ ಜಾವ ಮನೆಯವರೆಲ್ಲ ಎಣ್ಣೆ ಹಚ್ಚಿ ಎರೆದುಕೊಳ್ಳಬೇಕು. ಆಮೇಲೆ ಮನೆಯ ಮುತ್ತೈದೆ ದೇವರ ಮುಂದೆ ಮಕ್ಕಳಿಗೂ ಗಂಡನಿಗೂ ಆರತಿ ಎತ್ತಬೇಕು. ಭಾಗೀರಥಿಬಾಯಿ ವಿಧವೆ, ಅವರು ಎತ್ತುವಂತಿಲ್ಲ. ಗಂಗಾಬಾಯಿ ತಲೆಗೆ ಎರೆದುಕೊಂಡಿಲ್ಲ, ಅವಳೂ ಎತ್ತುವಂತಿಲ್ಲ. ಹಿಂದಿನ ದಿನ ನೀರು ತುಂಬುವಾಗ ಭಾಗೀರಥಿಬಾಯಿ ಪಡಸಾಲೆಯಲ್ಲಿ ನಿಂತು ಪಕ್ಕದ ಖೋಲಿಯ ಮರಾಠಿ ಬಾಯಿಗೆ ಕೂಗಿ ಹೇಳಿದರು, ನಾಳೆ ನಮ್ಮ ಹುಡುಗರಿಗೆ ನೀನೇ ಬಂದು ಆರತಿ ಎತ್ತಬೇಕು ಎಂದು. ಆಕೆ ಒಪ್ಪಿದಳು. ಒಳ್ಳೆಯ ನೆರೆ.

ಗಂಗಾಬಾಯಿ ಚಾಪೆಯ ಮೇಲೆ ಕೂತು ಅದನ್ನು ಕೇಳಿದಳು. ನಾನು ಕೂಸಿಗೆ ಎರೆದು ಮುಗಿಸಿ ಸೆರಗು ಹಿಂಡುತ್ತಿದ್ದೆ. ನನ್ನ ಹತ್ತಿರ ಬಂದಳು.

"ನಾಳೆ ನನಗ ತಲಿ ಮ್ಯಾಲೆ ನೀರ ಹಾಕು."

"ಆಗಂಗಿಲ್ರಿ."

"ಒಂದ ಸಲಾ ನೀಲವ್ವ. ಮುಂದಿನ ದೀಪಾವಳಿಗೆ ನಾ ಇರ್ತೀನೋ ಇಲ್ಲೋ. ನನ್ನ ಮಕ್ಕಳಿಗೆ ಪರರು ಆರತಿ ಎತ್ತಬೇಕೇನು? ನಾ ಜೀವಂತ ಕೂತು ನೋಡಬೇಕೇನು?"

"ನೀರ ಹಾಕಿದ್ರ ಮುಂದಿನ ದೀಪಾವಳಿಗೆ ಇರಂಗಿಲ್ಲ ಅಂತ ಡಾಕ್ಟರ ಹೇಳ್ಯಾರಲ್ರಿ. ನಾ ಹಾಕಂಗಿಲ್ಲ. ಬೈರಿ, ಬಿಡ್ರಿ."

ಬೈಯಲಿಲ್ಲ. ನನ್ನ ಮುಖ ನೋಡಿ ಒಳಗೆ ಹೋದಳು. ನಾನು ಭಾಗೀರಥಿಬಾಯಿಗೂ ಹೇಳಿದೆ: ಸೊಸೆಯ ತಲೆಗೆ ನೀರು ಬೇಡ, ಹಬ್ಬವಾದರೂ ಬೇಡ. ಅವರು, "ನಾನೇನ ಬಲವಂತ ಮಾಡೇನೇನು? ಅದಕ್ಕ ಬಾಜೂದಾಕಿಗೆ ಹೇಳೀನಲ್ಲ," ಎಂದರು. ಅವರ ಮಟ್ಟಿಗೆ ಅದು ನಿಜವೇ.

ಚತುರ್ದಶಿಯ ದಿನ ನಾನು ಇಂದಾಪುರಕ್ಕೆ ಹೋದೆ. ಅಲ್ಲಿ ಒಬ್ಬ ಕಾಳಿನ ವ್ಯಾಪಾರಿಯ ಮಗಳ ಹೆರಿಗೆ ಕಷ್ಟವಾಗಿತ್ತು, ಅವರು ಮೊದಲೇ ಮಾತಾಡಿದ್ದರು. ಬಾಣಂತಿಗೆ ಜ್ವರ ಬಂದು ಒಂದು ವಾರದ ಮೇಲೆ ಹಿಡಿಯಿತು. ಆ ವಾರದ ಸಿಟಿಂಗ್‌ಗಳಿಗೆ ರಾಯರೇ ಹಬ್ಬದ ರಜೆಯಲ್ಲಿ ಕರೆದುಕೊಂಡು ಹೋಗಿದ್ದರು.

ಮರಳಿ ಬಂದ ಬೆಳಿಗ್ಗೆ ಕೂಸಿಗೆ ಎರೆಯಲು ಹೋದಾಗ ವತ್ಸಲೆ ಹಂಡೆಗೆ ಉರಿ ಹಾಕುತ್ತಿದ್ದಳು. ತುಟಿ ನೇರಳೆ, ನಾಲಿಗೆ ನೇರಳೆ.

"ಏನ ತಿಂದೀಯೇ?"

"ನೇರಳಿ ಹಣ್ಣು."

ದೀಪಾವಳಿಗೆ ನೇರಳೆ ಹಣ್ಣು ಯಾವ ಗಿಡದಲ್ಲಿ ಬಿಡುತ್ತದೆ? ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದು ಗೊತ್ತಾಯಿತು. ಯಾಕೆ ಎಂದು ಗೊತ್ತಾಗಲಿಲ್ಲ. ಕೂಸು ಅಳುತ್ತಿತ್ತು, ಆ ಕಡೆ ಹೋದೆ.

ಅಂದು ಸಿಟಿಂಗ್ ಇತ್ತು. ಗಂಗಾಬಾಯಿ ಕುತ್ತಿಗೆಗೆ ಸೆರಗು ಸುತ್ತಿಕೊಂಡು ಬಂದಳು. ನಾನಿಲ್ಲದ ಆ ವಾರ ಮೈ ಒರೆಸಿದವರು ಯಾರು ಎಂದು ಕೇಳಿದೆ. "ನಾನ ಒರಸಿಕೊಂಡೆ," ಎಂದಳು. ಗಂಟಲು ಕೆಟ್ಟಿತ್ತು, ಸ್ವರ ಕರಕರ ಎನ್ನುತ್ತಿತ್ತು. ಉಗುಳು ನುಂಗಲೂ ಕಣ್ಣು ಮುಚ್ಚಬೇಕಾಗಿತ್ತು.

ಹಬ್ಬದ ವಾರದಲ್ಲಿ ಡಾಕ್ಟರು ರಜೆಯ ಮೇಲಿದ್ದರು. ಯಂತ್ರ ನಡೆಸುವ ಬದಲಿ ಆಳು ಚೌಕ ನೋಡಿ ಮೂತಿ ಕೂಡಿಸಿ ಸಿಟಿಂಗ್ ಕೊಟ್ಟಿದ್ದ. ಅಂದು ಡಾಕ್ಟರು ಮರಳಿದ್ದರು. ಸೆರಗು ತೆಗೆಸಿದರು. ನೋಡಿದರು. ಕಿಟಕಿಯ ಬೆಳಕಿಗೆ ತಿರುಗಿಸಿ ಮತ್ತೆ ನೋಡಿದರು. ನಾನೂ ನೋಡಿದೆ. ಚೌಕ ಅಚ್ಚುಕಟ್ಟಾಗಿತ್ತು, ಗೆರೆ ಮೊದಲಿಗಿಂತ ಸೊಗಸಾಗಿತ್ತು. ಆದರೆ ಕಿವಿಯ ಕೆಳಗೆ ಇರಬೇಕಾದ ಮೂಲೆ ಕೆನ್ನೆಯ ಕೆಳಗೆ ಬಂದಿತ್ತು. ಇಡೀ ಚೌಕ ಗಂಟನ್ನು ಬಿಟ್ಟು ಮುಂದಕ್ಕೆ, ಗಂಟಲ ಮೇಲೆ ಸರಿದಿತ್ತು. ಚೌಕದೊಳಗಿನ ಚರ್ಮ ಸುಟ್ಟ ಬದನೆಯ ಸಿಪ್ಪೆಯ ಹಾಗೆ ಕಪ್ಪುಗೆಂಪಾಗಿತ್ತು.

"ಹೇ ಕುಣೀ ಕಾಢಲಂ?" ಎಂದರು ಡಾಕ್ಟರು. ಇದನ್ನು ಯಾರು ಬರೆದದ್ದು ಎಂದು.

ನನಗೆ ಆಗ ನೇರಳೆ ನಾಲಿಗೆ ನೆನಪಾಯಿತು. ರಾಯರು ಕಚೇರಿಯಿಂದ ಕಾಪಿಂಗ್ ಪೆನ್ಸಿಲ್ ತರುತ್ತಿದ್ದರು. ಒಣಗಿದ್ದಾಗ ಸಾದಾ ಪೆನ್ಸಿಲ್, ನಾಲಿಗೆಗೆ ಹಚ್ಚಿದರೆ ಗೆರೆ ನೇರಳೆಯಾಗುತ್ತಿತ್ತು, ಅಳಿಸುತ್ತಿರಲಿಲ್ಲ. ಡಾಕ್ಟರ ಔಷಧದ ಬಣ್ಣವೇ.

ಗಂಗಾಬಾಯಿ ನನ್ನ ಕೈಯನ್ನು ಹಿಡಿದಿದ್ದಳು. ಉಗುರು ನಾಟಿತು.

"ಮೀ," ಎಂದಳು. ನಾನು ಎಂದು. "ಕನ್ನಡಿ ನೋಡಿ ನಾನ ಹಾಕ್ಕೊಂಡೆ ಅಂತ ಹೇಳು ನೀಲವ್ವ, ನನಗ ಮಾತಾಡಾಕ ಆಗವಲ್ತು."

ನಾನು ಹಾಗೆಯೇ ಹೇಳಿದೆ. ಡಾಕ್ಟರು ಬೈಯಲಿಲ್ಲ. ಕುರ್ಚಿಯ ಮೇಲೆ ಕೂತರು. ಗಂಟಿಗೆ ಆ ವಾರ ಏನೂ ತಗಲಿಲ್ಲ, ತಗಲಬಾರದ ಗಂಟಲಿಗೆ ಎಲ್ಲವೂ ತಗಲಿದೆ, ಈ ಸುಟ್ಟದ್ದು ಮಾಯುವ ತನಕ ಮುಂದೆ ಕೊಡುವಂತಿಲ್ಲ ಎಂದರು. ಎಷ್ಟು ದಿನ ಎಂದು ಕೇಳಿದೆ. ಮಾಯ್ದದ್ದು ನೋಡಿ ಹೇಳುತ್ತೇನೆ ಎಂದರು.

ಟಾಂಗಾದಲ್ಲಿ ಗಂಗಾಬಾಯಿ ತುಂಡು ತುಂಡಾಗಿ ಹೇಳಿದಳು. ಚತುರ್ದಶಿಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ತಾನೇ ಬಚ್ಚಲಿಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡಳು. ಹೊರಗೆ ಬಂದು ಅತ್ತೆಗೆ, ಡಾಕ್ಟರು ಹಬ್ಬಕ್ಕೆ ಒಂದು ದಿನ ಪರವಾನಗಿ ಕೊಟ್ಟಿದ್ದಾರೆ ಎಂದಳು. ಮುದುಕಿಗೆ ಸಂತೋಷವಾಯಿತು. ಗಂಡನಿಗೂ ಆಯಿತು. ಕೇಳಬೇಕಾದ ಪ್ರಶ್ನೆಯನ್ನು ಆ ಬೆಳಿಗ್ಗೆ ಯಾರೂ ಕೇಳಲಿಲ್ಲ. ಹೊಸ್ತಿಲು ದಾಟಿ ಅಡಿಗೆಮನೆಗೆ ಹೋದಳು. ದೇವರ ಮುಂದೆ ಮಕ್ಕಳನ್ನು ಕೂರಿಸಿ ಆರತಿ ಎತ್ತಿದಳು. ಅವಲಕ್ಕಿ ಕಲಸಿ ತನ್ನ ಕೈಯಿಂದ ಬಡಿಸಿದಳು. ಅಷ್ಟು ಮುಗಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಚೌಕ ಇಲ್ಲ. ಆಸ್ಪತ್ರೆಗೆ ಹೇಳಿದರೆ ಗಂಡನಿಗೆ ಗೊತ್ತಾಗುತ್ತದೆ, ಅತ್ತೆಗೆ ಹೇಳಿದ ಸುಳ್ಳು ಬಯಲಾಗುತ್ತದೆ. ತನ್ನ ಕುತ್ತಿಗೆ ತನಗೆ ಕಾಣದು. ವತ್ಸಲೆಯನ್ನು ಕರೆದಳು. ಹುಡುಗಿ ದಿನಾ ಬಾಗಿಲಲ್ಲಿ ರಂಗೋಲಿ ಹಾಕುವವಳು, ಕೈ ನೆಟ್ಟಗಿತ್ತು. ತೆಳುವಾದಾಗಲೆಲ್ಲ ಅದೇ ಗೆರೆಯ ಮೇಲೆ ಮತ್ತೆ ತಿದ್ದಿದಳು.

"ಆಕಿಗೆ ಹೇಳಬ್ಯಾಡ," ಎಂದಳು ಗಂಗಾಬಾಯಿ. "ತಪ್ಪಾತು ಅಂತ ಆಕಿಗೆ ಗೊತ್ತಾಗಬಾರದು. ಯಾರಿಗೂ ಹೇಳಬ್ಯಾಡ. ನಾನ ಹಾಕ್ಕೊಂಡೆ. ತಿಳೀತೇನು?"

"ತಿಳೀತ್ರಿ."

"ನೀ ನೀರ ಹಾಕಿದ್ರ ಕುತ್ತಿಗಿ ಉಳಸ್ತಿದ್ದಿ. ನನಗ ಬರಲಿಲ್ಲ."

ಅದು ದೂರಲ್ಲ. ಕೆಲಸದವಳಿಗೆ ಹೇಳಿದ ಮೆಚ್ಚುಗೆ. ನಾನು ಟಾಂಗಾದವನಿಗೆ ಬೇಗ ಹೊಡಿ ಎಂದೆ.

ಸುಟ್ಟದ್ದು ಮಾಯಲು ಬಹಳ ದಿನ ಹಿಡಿಯಿತು. ಆ ಹೊತ್ತಿಗೆ ಗಂಟು ಮತ್ತೆ ಗಟ್ಟಿಯಾಯಿತು, ಪಕ್ಕದಲ್ಲಿ ಇನ್ನೊಂದು ಬಂತು. ಮತ್ತೆ ಎಕ್ಸ್‌ರೇ ಶುರು ಮಾಡಿದರು, ನಿಲ್ಲಿಸಿದರು. ಗಂಜಿ ಇಳಿಯದಾಯಿತು, ಬಟ್ಟೆಯ ಬತ್ತಿ ಮಾಡಿ ಹಾಲು ಹನಿಸುತ್ತಿದ್ದೆ, ಕೂಸಿಗೆ ಮಾಡಿದ ಹಾಗೆಯೇ. ಬೆಳಿಗ್ಗೆ ಒಂದು ಬಟ್ಟಲು ತಾಯಿಗೆ, ಒಂದು ಬಟ್ಟಲು ಮಗಳಿಗೆ. ಮಗಳದು ಬೇಗ ಖಾಲಿಯಾಗುತ್ತಿತ್ತು. ಮನೆಯಲ್ಲಿ ಉಳಿದದ್ದೆಲ್ಲ ಮೊದಲಿನಂತೆಯೇ ನಡೆಯಿತು. ರಾಯರು ಡಬ್ಬಿ ಹಿಡಿದು ಕಚೇರಿಗೆ ಹೋದರು, ಶಾಮ ಮಗ್ಗಿ ಬಾಯಿಪಾಠ ಮಾಡಿದ, ಕೂಸಿಗೆ ಹಲ್ಲು ಬಂತು. ವತ್ಸಲೆ ಒಲೆಯ ಮುಂದೆ ಕೂತು ಹೊಸ್ತಿಲ ಕಡೆ ನೋಡುತ್ತಿದ್ದಳು. ತಾಯಿ ಈಗ ಒಳಗಿನ ಖೋಲಿಯಲ್ಲಿ ಮಲಗಿದ್ದಳು, ಬೆರಳು ತೋರಿಸುವವರಿರಲಿಲ್ಲ. ಸಾರಿಗೆ ಉಪ್ಪು ಕೆಲವು ದಿನ ಹೆಚ್ಚಾಯಿತು, ಕೆಲವು ದಿನ ಇರಲೇ ಇಲ್ಲ. ರಾಯರು ಬಡಿಸಿದಷ್ಟನ್ನೂ ಉಂಡರು.

ಮಾಘದಲ್ಲಿ, ಇನ್ನು ಹೆಚ್ಚು ದಿನ ಇಲ್ಲ ಎಂದಾದಾಗ, ಭಾಗೀರಥಿಬಾಯಿ ತಮ್ಮ ಮನೆಗೆ ಬರುವ ಭಟ್ಟರನ್ನು ಕರೆಸಿದರು. ಸೊಸೆಯನ್ನು ದೇವರ ಮುಂದೆ ತಂದು ಮಲಗಿಸಬೇಕು, ಆದರೆ ಸ್ನಾನ ಮಾಡಿಸುವಂತಿಲ್ಲ, ಏನು ಮಾಡುವುದು ಎಂದು ಕೇಳಿದರು. ನಾನು ಬಾಗಿಲ ಹತ್ತಿರ ಕೂಸನ್ನು ಎತ್ತಿಕೊಂಡು ನಿಂತಿದ್ದೆ.

"ಅದಕ್ಕೇನ್ರಿ?" ಎಂದರು ಭಟ್ಟರು. "ರೋಗಿಗೆ ಮಂತ್ರಸ್ನಾನ ಸಾಕು. ಮಂತ್ರ ಹೇಳಿ ನಾಲ್ಕ ಹನಿ ನೀರು ಪಾದಕ್ಕ ಪ್ರೋಕ್ಷಣಿ ಮಾಡಿದ್ರ ಮಿಂದಂಗ ಆತು. ಶಾಸ್ತ್ರದಾಗ ಮೊದಲಿಂದ ಅದ."

ಮುದುಕಿ ದೇವರ ಗೂಡಿನ ಕಡೆ ತಿರುಗಿದರು.

"ದೀಪಾವಳಿಗೂ ನಡೀತಿತ್ತೇನ್ರಿ? ಆರತಿ ಎತ್ತಾಕ?"

"ಯಾಕ ನಡೀತಿರಲಿಲ್ರಿ? ಯಾರೂ ಕೇಳಲಿಲ್ಲ."

ದೀಪಾವಳಿಯ ಹೊತ್ತಿಗೆ ಈ ಭಟ್ಟರು ಎರಡು ಓಣಿ ಆಚೆ ಇದ್ದರು. ಪಾಡ್ಯದ ದಿನ ಅದೇ ಮನೆಗೆ ಬಂದು ದಕ್ಷಿಣೆ ಪಡೆದು ಹೋಗಿದ್ದರು.

ಅವರು ನೀರು ಪ್ರೋಕ್ಷಿಸಿದರು. ಗಂಗಾಬಾಯಿಯನ್ನು ಚಾದರದಲ್ಲಿ ಎತ್ತಿ ಹೊಸ್ತಿಲು ದಾಟಿಸಿ ಅಡಿಗೆಮನೆಯಲ್ಲಿ ಮಲಗಿಸಿದೆವು. ಒಲೆ ಕಾಣುವ ಹಾಗೆ ತಲೆ ಇಟ್ಟೆವು. ಮೂರು ದಿನ ಅಲ್ಲಿದ್ದಳು. ಮೊದಲ ದಿನ ವತ್ಸಲೆ ಬೇಳೆ ಇಳಿಸುವಾಗ ಎರಡು ಬೆರಳು ಕೂಡಿಸಿ ತೋರಿಸಿದಳು. ಹುಡುಗಿ ಉಪ್ಪು ಹಾಕಿದಳು. ಆಮೇಲೆ ಕೈ ಎತ್ತಲಿಲ್ಲ.

ಅವಳು ಸತ್ತ ಮರುದಿನ ಬೆಳಿಗ್ಗೆ ಭಾಗೀರಥಿಬಾಯಿ ಮಿಶ್ರಿ ತಿಕ್ಕಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ತಿಕ್ಕಿದರು. ಚಟ ಅದು. ನಾನು ಬಿಟ್ಟೆ, ನನಗೂ ಒಂದು ವರ್ಷ ಬೇಕಾಯಿತು.

ಗುರುತು ತಪ್ಪದಿದ್ದರೆ ಬದುಕುತ್ತಿದ್ದಳೇ ಎಂದು ಡಾಕ್ಟರನ್ನು ಒಮ್ಮೆ ಕೇಳಿದೆ. ಹೇಳಲಾರೆ ಎಂದರು. ಹೇಳಲಾರದ್ದನ್ನು ಹೇಳಲಾರೆ ಎಂದ ಡಾಕ್ಟರು ಅವರು, ಅದಕ್ಕೆ ಅವರ ಮೇಲೆ ನನಗೆ ಗೌರವ ಇದೆ.

ಆ ಕೂಸು ಬೆಳೆದ ಮೇಲೆ ಆ ಮನೆಗೆ ನನ್ನ ಹೋಗಿಬರುವುದು ಕಡಿಮೆಯಾಯಿತು. 1947ರಲ್ಲಿ ವತ್ಸಲೆಯ ಗಂಡನ ಮನೆಯಿಂದ, ಹಡಪಸರದಿಂದ, ಕರೆ ಬಂತು. ಚೊಚ್ಚಲ ಹೆರಿಗೆ. ಹೊಟ್ಟೆ ಕೊಯ್ದು ಗಂಡು ಕೂಸನ್ನು ತೆಗೆದಿದ್ದರು. ಹೊಲಿಗೆ ಇನ್ನೂ ಹಸಿ, ನೀರು ತಾಗಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮರುದಿನ ಹನ್ನೆರಡನೆಯ ದಿನ, ಹೆಸರಿಡುವ ಶಾಸ್ತ್ರ. ತಾಯಿ ತಲೆಗೆ ಎರೆದುಕೊಂಡೇ ತೊಟ್ಟಿಲಿಗೆ ಕೈ ಹಾಕಬೇಕು ಎಂದು ಆಕೆಯ ಅತ್ತೆ ಹಂಡೆ ತುಂಬಿಸಿ ಇಟ್ಟಿದ್ದರು. ನಾನು ನೀರು ಹಾಕುವುದಿಲ್ಲ ಎಂದೆ. ಅಷ್ಟಕ್ಕೆ ಬಿಡಲಿಲ್ಲ. ನಿಮ್ಮ ಭಟ್ಟರನ್ನು ಈಗಲೇ ಕರೆಸಿ, ನನ್ನ ಮುಂದೆ ಕೇಳಿ ಎಂದೆ. ಕರೆಸಿದರು. ಭಟ್ಟರು ಅದೇ ನಾಲ್ಕು ಹನಿಯ ಮಾತು ಹೇಳಿದರು. ಅತ್ತೆ, "ಹಂಗಾರ ಆತು ಬಿಡ್ರಿ," ಎಂದು ಹಂಡೆಯ ಉರಿ ತೆಗೆದರು. ಒಂದು ಮಾತಿನಲ್ಲಿ ಮುಗಿಯಿತು.

ಬಚ್ಚಲಲ್ಲಿ ವತ್ಸಲೆಯನ್ನು ಕೂರಿಸಿ ಬೆನ್ನು ಒರೆಸುತ್ತಿದ್ದೆ. ಬಾಗಿಲು ಮುಚ್ಚಿತ್ತು.

"ನೀಲವ್ವ," ಎಂದಳು. "ಆ ಗೆರಿ ನಾ ತಪ್ಪ ಹಾಕಿದ್ದೆನಲಾ?"

ಹನ್ನೊಂದು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಅವಳೂ ಇಟ್ಟುಕೊಂಡಿದ್ದಳು. ನಾನು ಇಲ್ಲ ಎಂದರೆ ಇನ್ನು ಮುಂದೆಯೂ ಒಬ್ಬಳೇ ಇಟ್ಟುಕೊಳ್ಳುತ್ತಾಳೆ.

"ತಪ್ಪಿತ್ತು," ಎಂದೆ. "ಮುಂದ ಸರದಿತ್ತು."

ಬಟ್ಟೆ ಹಿಂಡಿ ಮತ್ತೆ ಅವಳ ಬೆನ್ನಿಗೆ ಇಟ್ಟೆ.

"ನೀ ಹನ್ನೊಂದ ವರ್ಷದಾಕಿ. ನಿಮ್ಮವ್ವ ಹಾಕು ಅಂದ್ಲು, ನೀ ಹಾಕಿದಿ. ಹಾಕು ಅನ್ನೂ ಹಂಗ ಮಾಡಿದ್ದು ಆ ಹೊಸ್ತಿಲಾ. ನಿಮ್ಮವ್ವಗ ಗೊತ್ತಿತ್ತು, ನಿನ್ನ ಹೆಸರ ಹೇಳಲಿಲ್ಲ. ನಾನೂ ಹೇಳಲಿಲ್ಲ."

ವತ್ಸಲೆ ತಲೆ ತಗ್ಗಿಸಿದಳು. ಹೆಗಲು ಅಲ್ಲಾಡುತ್ತಿತ್ತು. ಅಳಲಿ ಎಂದು ಬಿಟ್ಟೆ. ಹೊಲಿಗೆಯ ಮೇಲೆ ಒಣ ಬಟ್ಟೆ ಒತ್ತಿ ಹಿಡಿದೆ, ಅಳುವಾಗ ಹೊಟ್ಟೆ ಜಗ್ಗುತ್ತದೆ.

ನಲವತ್ತು ವರ್ಷ ನೀರು ಹೊಯ್ದು ನಾನು ಕಲಿತದ್ದು ಹೆಚ್ಚಿಲ್ಲ. ರೋಗಿಗೆ ಬೇಡ ಎಂದು ಹೇಳುವುದು ಅರ್ಧ ಕೆಲಸ. ಬೇಡ ಎಂದ ಮೇಲೆ ಅವಳು ಯಾವ ಬಾಗಿಲ ಹೊರಗೆ ಉಳಿಯುತ್ತಾಳೆ, ಆ ಬಾಗಿಲನ್ನು ಯಾರು ತೆರೆಯಬಲ್ಲರು ಎಂದು ಕೇಳಿ ಬರುವುದು ಉಳಿದ ಅರ್ಧ. ಆಮೇಲೆ ನಾನು ಹೋದ ಮನೆಗಳಲ್ಲೆಲ್ಲ ಎರಡನ್ನೂ ಮಾಡಿದೆ. ಬಾಯಿ ಹರಕಿ ಎಂದು ಹೆಸರು ಬಂತು. ಬರಲಿ.

ವತ್ಸಲೆಯ ಅಳು ನಿಂತಿತು. ಹೊರಗೆ ಕೂಸು ಎದ್ದು ಕೂಗುತ್ತಿತ್ತು.

"ತಲಿ ಎ‍ತ್ತು," ಎಂದೆ. "ಕುತ್ತಿಗಿ ಒರಸಬೇಕು."

ಎತ್ತಿದಳು. ಕಿವಿಯ ಕೆಳಗಿನಿಂದ ಹೆಗಲ ತನಕ, ಎರಡೂ ಕಡೆ, ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿದೆ.